ಚೆಕ್

ಏಳು ತಳಿ, ಮೂರು ಸಲ, ಇಪ್ಪತ್ತೊಂದು ಮಡಿ.
ಯಾವ ಬೀಜ ಎಲ್ಲಿಗೆಂದು ಕಟ್ಟಿನ ಮೇಲೆ ಕೂತು
ಟೋಪಿ ಮಗುಚಿ ಚೀಟಿ ಎತ್ತಿದವನು ನಾನು.
ಬಿದಿರ ಗೂಟ, ಗೂಟಕ್ಕೆ ತಗಡು, ತಗಡಿಗೆ ನಂಬರು.
ದೋಣಿಯಿಂದಿಳಿದ ಜಟ್ಟು ಪಟಗಾರ ಕೇಳಿದ:
‘ಗದ್ದೆಗೂ ಹಾಜರಿ ಕರೀತ್ರೋ, ಮಾಸ್ತರೇ?’

ಆರು ತಳಿ ಸರಕಾರಿ ಲಕೋಟೆಯಲ್ಲಿ ಬಂದವು,
ಹೆಸರಿಲ್ಲ, ಬರೀ ಅಂಕಿ, ಒಂದೊಂದೂ ನೂರೈವತ್ತು ಗ್ರಾಮು.
ಏಳನೆಯದು ಬೀರಮ್ಮನ ಮುಡೆಯಿಂದ. ಕಗ್ಗ.
ಕೆಂಪು ಕಾಳು, ಆಳೆತ್ತರದ ಹುಲ್ಲು,
ಬಾಯಿಗಿಟ್ಟ ಹಕ್ಕಿ ಉಗುಳುವಂಥ ಮೀಸೆ.
‘ಇದು ಚೆಕ್’ ಅಂದೆ.
‘ಅಂದ್ರೆ?’
‘ಉಳಿದದ್ದನ್ನ ಅಳೆಯೂಕೆ ಇಡೂದು.
ಇದು ಪರೀಕ್ಷೆಗೆ ಕೂತದ್ದಲ್ಲ.’
‘ಹಂಗಾರೆ ನಮ್ಮದಕ್ಕೆ ಮಾರ್ಕೇ ಇಲ್ಲ!’
ಅವಳು ಸೊಂಟದ ಚಂಚಿ ಬಿಚ್ಚಿದಳು.
ಎಲೆಗೆ ಸುಣ್ಣ ಸವರಿ ಮುಗಿಸುವ ತನಕ ನಾನು
ಪಂಚಾಂಗ ನೋಡುವವನಂತೆ ನಕ್ಷೆ ನೋಡುತ್ತ ಕೂತೆ.

ಮೂರು ವರ್ಷದ ಯೋಜನೆ. ಗೇಣಿ ವರ್ಷಕ್ಕೆ ಆರು ಸಾವಿರ.
ಆಷಾಢ ಕಳೆದ ಮೇಲೊಂದು ದಿನ ಬೀರಮ್ಮ
‘ಚೆಕ್ ಎಲ್ಲದೆ?’ ಎಂದು ಕೇಳಿದಳು.
ನಾನು ಬೆರಳು ಮಾಡಿ ತೋರಿಸಿದೆ:
ನಾಕನೇ ಮಡಿ, ಹದಿಮೂರು, ಅಗೋ ಜಂತ್ರಡಿ ಬುಡದ ಹದಿನೈದು.
ಕೈಯನ್ನು ಹಣೆಗಡ್ಡ ಹಿಡಿದು ಅವಳು
ಮೂರನ್ನೂ ನೋಡಿದಳು, ತಾಳ್ಮೆಯಿಂದ,
ಕಾಗದ ಅಲ್ಲೇ ಮೊಳೆತೀತು ಎನ್ನುವ ಹಾಗೆ.

ಜಂತ್ರಡಿಯ ಹಲಗೆಗೆ ಹುಳ ಬಿದ್ದಿತ್ತು.
ಡಾಕ್ಟರ್ ನಿರುಪಮಾ ಶಾನಭಾಗ ಸಾವಿರದೆಂಟುನೂರು ಕೇಳಿ ಬರೆದರು.
ಟಿಪ್ಪಣಿ ತಿರುಗಿ ಬಂತು, ಹಸಿರು ಶಾಯಿಯಲ್ಲಿ:
‘ಹಲಗೆಯು ಸಂಶೋಧನಾ ಸಾಮಗ್ರಿಯಲ್ಲ.
ಭತ್ತದೊಂದಿಗೆ ಇದರ ಸಂಬಂಧವನ್ನು ಸಮರ್ಥಿಸುವುದು.’
ಮೇಡಂ ಸಮರ್ಥಿಸಿದರು, ಮೂರು ಪ್ರತಿಯಲ್ಲಿ.
ಸಮರ್ಥನೆ ಕಾರವಾರ ದಾಟುವ ಮೊದಲೇ
ಭಾದ್ರಪದದ ಅಮಾಸೆಯ ಭರತಿ
ಹಲಗೆ ಮುರಿದು ಒಳಗೆ ಬಂತು,
ಅಘನಾಶಿನಿಯ ಸಿಹಿ ಮರೆತ ನೀರು.
ಮೀಟರಿನ ಅಂಕಿ ಏರುತ್ತ ಏರುತ್ತ
ಹದಿನಾಲ್ಕಕ್ಕೆ ನಿಂತಿತು.
ಮೊಣಕಾಲ ತರಚುಗಾಯ ಅಷ್ಟರಲ್ಲಿ ಅದನ್ನೇ ಹೇಳಿಯಾಗಿತ್ತು.

ಆರೂ ತಳಿ ಹತ್ತು ದಿನದಲ್ಲಿ
ತೊಳೆಯದ ಚಾದಾನಿಯ ಬಣ್ಣಕ್ಕೆ ಬಂದವು.
ನನಗೆ ಬೇಸರವಾದದ್ದು ನೂರ ಹದಿನಾಲ್ಕರ ಬಗ್ಗೆ;
ಅದು ಹೊಡೆ ಕಟ್ಟಿತ್ತು, ಇನ್ನೊಂದು ವಾರ ಸಿಕ್ಕಿದ್ದರೆ.
ಕಗ್ಗ ಮೂರು ಕಡೆ, ಮೂರು ಚೌಕ,
ನೀರಿನಲ್ಲಿ ಯಾರೋ ಒಣಹಾಕಿ ಮರೆತ ಚಾಪೆಗಳು.

ಪರಿಶೀಲನಾ ಸಭೆಯಲ್ಲಿ ಕೇಳಿದರಂತೆ:
‘ಚೆಕ್ಕನ್ನು ಮೀರಿಸಿದ ತಳಿ ಎಷ್ಟು?’
‘ಸೊನ್ನೆ.’
‘ಏರುಪೇರು?’
‘ಶೇಕಡಾ ಅರವತ್ತೆಂಟು.’
ಪ್ರಯೋಗ ಅಸಿಂಧು, ಎರಡನೇ ಕಂತು ತಡೆ,
ಮುಂದಿನ ವಿಷಯ: ಗೋಡಂಬಿ.

ಕೊಯ್ಲಿನ ಕೂಲಿಗೆ ಯಾವ ಲೆಕ್ಕಶೀರ್ಷಿಕೆಯೂ ಉಳಿದಿರಲಿಲ್ಲ.
ತೊಡೆಮಟ್ಟ ನೀರಲ್ಲಿ ಬೀರಮ್ಮ, ಅವಳ ಸೊಸೆ, ನಾನು
ಕದಿರನ್ನಷ್ಟೇ ಕೊಯ್ದು ದೋಣಿಗೆ ತುಂಬಿದೆವು.
ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದೆ.
ಅಸಿಂಧುವಾದರೂ ತೂಕ ತೂಕವೇ.
‘ಈಗ ಇದು ಯೋಜನೇದೋ, ನಮ್ಮದೋ?’
ನಿಯಮದ ಪ್ರಕಾರ ಯೋಜನೆಯದು.
ನಾನು ಸ್ಕೂಟರಿಗೆ ಕಿಕ್ ಹೊಡೆದೆ, ಕೇಳಿಸದವನ ಹಾಗೆ.

ಜೂನಿನಲ್ಲಿ ಮತ್ತೆ ಹೋದೆ. ಯಾರೂ ಕಳಿಸಿರಲಿಲ್ಲ.
ಜಟ್ಟು ಹೊಸ ಹಲಗೆ ಹಾಕಿಸಿದ್ದ,
ಊರ ಸೀಗಡಿ ಹರಾಜಿನ ದುಡ್ಡಲ್ಲಿ.
ಹದಿಮೂರರ ತಗಡು ಕೋಳಿಗೂಡಿನ ಬಾಗಿಲಾಗಿತ್ತು.
ಈ ಸಲ ಇಪ್ಪತ್ತೊಂದಕ್ಕೂ ಒಂದೇ ಬೀಜ.
ಅಭ್ಯಾಸ ಬಿಡದೆ ಪುಸ್ತಕ ತೆಗೆದು
ತಳಿಯ ಕಾಲಮ್ಮಿನಲ್ಲಿ ಬರೆಯುತ್ತ ಹೋದೆ,
ಚೆಕ್, ಚೆಕ್, ಚೆಕ್, ಇಪ್ಪತ್ತೊಂದು ಸಲ.
ಇನ್ನೂ ಒಂದು ಬರುವುದು ಬಾಕಿ.
ಬೀರಮ್ಮ ಈಗ ಕೇಳುವುದಿಲ್ಲ.
ಮೊಳಕೆಯ ಬುಟ್ಟಿ ತಲೆಗೇರಿಸಲು ಒಂದು ಕೈ ಬೇಕಂತೆ.